ಸಣ್ಣ ಕಾರ್ಖಾನೆಗೆ ನಿರ್ವಹಣಾ ತಂತ್ರಾಂಶ: ಯಂತ್ರಗಳ ಪಟ್ಟಿಯಿಂದ ಫಿಟ್ಟರ್ ಬರೆಯುವ ಎರಡು ಸಾಲಿನವರೆಗೆ

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳ, ಧಾರವಾಡದ ಬೇಲೂರು, ಈ ಕೈಗಾರಿಕಾ ಪ್ರದೇಶಗಳ ಯಾವ ಮಧ್ಯಮ ಗಾತ್ರದ ಕಾರ್ಖಾನೆಗೆ ಹೋದರೂ ಯಂತ್ರ ನಿರ್ವಹಣೆಯ ದಾಖಲೆ ಸಾಮಾನ್ಯವಾಗಿ ಮೂರು ಕಡೆ ಚದುರಿರುತ್ತದೆ: ಎಣ್ಣೆಯ ಕಲೆ ಬಿದ್ದ ಲಾಗ್‌ಬುಕ್, ಸೂಪರ್‌ವೈಸರ್ ಮೊಬೈಲಿನ ವಾಟ್ಸಾಪ್ ಗುಂಪು, ಮತ್ತು ಬಹಳ ವರ್ಷಗಳಿಂದ ಅಲ್ಲಿಯೇ ದುಡಿಯುತ್ತಿರುವ ಹಿರಿಯ ಫಿಟ್ಟರ್‌ನ ನೆನಪು. ಮೊದಲನೆಯದನ್ನು ಯಾರೂ ತೆರೆಯುವುದಿಲ್ಲ. ಎರಡನೆಯದರಲ್ಲಿ ಹಬ್ಬದ ಶುಭಾಶಯಗಳ ನಡುವೆ ಸವೆದ ಬೇರಿಂಗ್‌ನ ಫೋಟೊ ಕಳೆದುಹೋಗಿರುತ್ತದೆ. ಮೂರನೆಯದು ಒಂದು ದಿನ ನಿವೃತ್ತಿ ಪಡೆದು ಊರಿಗೆ ಹೋಗುತ್ತದೆ.

ಈ ಮೂರನ್ನೂ ಒಂದೆಡೆ ತರುವ ಸಾಧನಕ್ಕೆ ಉದ್ಯಮದಲ್ಲಿ ಸಿಎಂಎಂಎಸ್ (ಕಂಪ್ಯೂಟರೀಕೃತ ನಿರ್ವಹಣಾ ವ್ಯವಸ್ಥೆ) ಎಂಬ ಹೆಸರಿದೆ. ನಮ್ಮ ಕಡೆ ಅದನ್ನು ಮೇಂಟೆನನ್ಸ್ ಸಾಫ್ಟ್‌ವೇರ್ ಎಂದೇ ಕರೆಯುತ್ತಾರೆ. ಯಾವ ಯಂತ್ರ ಎಲ್ಲಿದೆ, ಅದಕ್ಕೆ ಯಾವಾಗ ಏನು ಮಾಡಬೇಕು, ಯಾರು ಯಾವಾಗ ಏನು ಮಾಡಿದರು, ಯಾವ ಬಿಡಿಭಾಗ ಖರ್ಚಾಯಿತು ಎಂಬುದನ್ನು ಅದು ಹಿಡಿದಿಡುತ್ತದೆ. ಅದಕ್ಕಿಂತ ಹೆಚ್ಚಿನ ಮಾಯೆಯೇನೂ ಅದರಲ್ಲಿಲ್ಲ. ದುರಸ್ತಿ ಮುಗಿದ ಮೇಲೆ ಫಿಟ್ಟರ್ ಬರೆಯುವ ಎರಡು ಸಾಲು ಎಷ್ಟು ನಿಜವಾಗಿರುತ್ತವೆಯೋ ತಂತ್ರಾಂಶವೂ ಅಷ್ಟೇ ಉಪಯುಕ್ತವಾಗಿರುತ್ತದೆ ಎಂಬುದು ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡ ಮಾತು. ಆದ್ದರಿಂದ ಕೆಳಗಿನ ಎಲ್ಲ ಹಂತಗಳನ್ನೂ ಆ ಎರಡು ಸಾಲುಗಳು ಸುಲಭವಾಗಿ ಬರುವಂತೆ ಜೋಡಿಸಿದ್ದೇನೆ.

ಮೊದಲ ಹಂತ: ಕಂಪ್ಯೂಟರ್ ಮುಟ್ಟುವ ಮೊದಲು ಪಟ್ಟಿ ಮಾಡುವುದು

ಒಂದು ನೋಟ್‌ಬುಕ್, ಒಂದು ಮೊಬೈಲ್ ಕ್ಯಾಮೆರಾ ಹಿಡಿದುಕೊಂಡು, ಹಿರಿಯ ಫಿಟ್ಟರ್‌ನನ್ನು ಜೊತೆಗೆ ಕರೆದುಕೊಂಡು ಕಾರ್ಖಾನೆಯನ್ನು ಒಂದು ಸುತ್ತು ಹಾಕಿರಿ. ಪ್ರತಿ ಯಂತ್ರದ ನಾಮಫಲಕದ ಫೋಟೊ ತೆಗೆಯಿರಿ. ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ, ಮೋಟಾರಿನ ಕಿಲೋವ್ಯಾಟ್ ಮತ್ತು ಆರ್‌ಪಿಎಂ, ಬಳಸುವ ಎಣ್ಣೆಯ ದರ್ಜೆ, ಬೆಲ್ಟ್ ಮತ್ತು ಬೇರಿಂಗ್ ಸಂಖ್ಯೆ, ಇವಿಷ್ಟು ಸಾಕು. ಬೇರಿಂಗ್ ಸಂಖ್ಯೆಯನ್ನು ಮಾತ್ರ ಎಂದಿಗೂ ಅಂದಾಜಿನಿಂದ ಬರೆಯಬೇಡಿರಿ. 6205 ಎಂಬ ಬೇರಿಂಗ್‌ನ ಒಳರಂಧ್ರ 25 ಮಿಲಿಮೀಟರ್, 6308 ರದು 40 ಮಿಲಿಮೀಟರ್. ಕೊನೆಯ ಎರಡು ಅಂಕಿಗಳು 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅವನ್ನು 5 ರಿಂದ ಗುಣಿಸಿದಾಗ ಈ ಅಳತೆ ಬರುತ್ತದೆ. ಒಂದು ಅಂಕಿ ತಪ್ಪಿ ನಮೂದಾದರೆ ರಾತ್ರಿ ಪಾಳಿಯಲ್ಲಿ ಶಾಫ್ಟಿಗೆ ಏರದ ಬೇರಿಂಗ್ ಕೈಯಲ್ಲಿ ಹಿಡಿದು ನಿಲ್ಲಬೇಕಾಗುತ್ತದೆ.

ಮುನ್ನೂರು ಯಂತ್ರಗಳಿದ್ದರೂ ಮೊದಲ ತಿಂಗಳಲ್ಲಿ ಮೂವತ್ತು ನಲವತ್ತನ್ನು ಮಾತ್ರ ಸೇರಿಸಿರಿ. ಯಾವುದನ್ನು ಮೊದಲು ತೆಗೆದುಕೊಳ್ಳಬೇಕೆಂಬುದಕ್ಕೆ ಮೂರು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಕೆಟ್ಟರೆ ಯಾರಿಗಾದರೂ ಗಾಯವಾಗುವ ಸಂಭವವಿದೆಯೇ, ಇದು ನಿಂತರೆ ಉತ್ಪಾದನೆಯೆಲ್ಲ ನಿಲ್ಲುತ್ತದೆಯೇ, ಇದಕ್ಕೆ ಬದಲಿ ಯಂತ್ರ ಇದೆಯೇ. ವಾಲ್ವ್ ತಯಾರಿಸುವ ಘಟಕವೊಂದರಲ್ಲಿ ಐದಾರು ಲೇತ್‌ಗಳಿರುತ್ತವೆ. ಒಂದು ಕೆಟ್ಟರೆ ಕೆಲಸವನ್ನು ಇನ್ನೊಂದಕ್ಕೆ ಹಾಕಬಹುದು. ಆದರೆ ಏರ್ ಕಂಪ್ರೆಸ್ಸರ್ ಒಂದೇ ಇದ್ದು ಅದು ನಿಂತರೆ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಗಳಲ್ಲಿ ಮಾಲು ಹಿಡಿಯುವ ಚಕ್‌ನಿಂದ ಹಿಡಿದು ವಾಲ್ವ್‌ಗಳ ಸೋರಿಕೆ ಪರೀಕ್ಷೆಯವರೆಗೆ ಎಲ್ಲವೂ ನಿಲ್ಲುತ್ತದೆ. ಬೆಲೆಯಲ್ಲಿ ಲೇತ್ ದೊಡ್ಡದಿರಬಹುದು, ಪಟ್ಟಿಯಲ್ಲಿ ಕಂಪ್ರೆಸ್ಸರ್ ಮೇಲೆ ಬರಬೇಕು. ಬ್ಯಾಡಗಿಯ ಮೆಣಸಿನಕಾಯಿ ಶೀತಲಗೃಹದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗೋಡೌನ್ ತುಂಬ ಮಾಲು ಇರುವಾಗ ಶೈತ್ಯೀಕರಣದ ಕಂಪ್ರೆಸ್ಸರ್ ನಿಂತರೆ ಏನಾಗುತ್ತದೆಂದು ಅವರಿಗೆ ಗೊತ್ತು.

ಯಂತ್ರಗಳಿಗೆ ಗುರುತು ಸಂಖ್ಯೆ ಕೊಡುವಾಗ ಬಹುತೇಕರು ಒಂದು ತಪ್ಪು ಮಾಡುತ್ತಾರೆ. ಶೆಡ್ಡಿನ ಹೆಸರು, ಸಾಲಿನ ಸಂಖ್ಯೆ, ವಿಭಾಗ ಎಲ್ಲವನ್ನೂ ಆ ಸಂಖ್ಯೆಯೊಳಗೆ ತುರುಕುತ್ತಾರೆ. ಎರಡು ವರ್ಷದ ಮೇಲೆ ಯಂತ್ರ ಇನ್ನೊಂದು ಶೆಡ್ಡಿಗೆ ಹೋದಾಗ ಸಂಖ್ಯೆ ಸುಳ್ಳಾಗುತ್ತದೆ, ಬದಲಿಸಿದರೆ ಹಳೆಯ ಇತಿಹಾಸ ತುಂಡಾಗುತ್ತದೆ. 'ಕಾಂಪ್-02', 'ಲೇತ್-05' ಎಂಬಂಥ ಚಿಕ್ಕ, ಬದಲಾಗದ ಗುರುತು ಸಾಕು. ಜಾಗವನ್ನು ತಂತ್ರಾಂಶದಲ್ಲಿ ಪ್ರತ್ಯೇಕ ಅಂಕಣದಲ್ಲಿ ಬರೆಯಬೇಕು. ಈ ಗುರುತನ್ನು ಕ್ಯೂಆರ್ ಕೋಡ್ ಸಮೇತ ಮುದ್ರಿಸಿ ಯಂತ್ರಕ್ಕೆ ಅಂಟಿಸಬೇಕು. ಕಾಗದದ ಸ್ಟಿಕರ್ ಎಣ್ಣೆ, ಕೂಲೆಂಟ್‌ಗಳ ನಡುವೆ ಒಂದು ಮಳೆಗಾಲವೂ ಬಾಳುವುದಿಲ್ಲವಾದ್ದರಿಂದ ಕೆತ್ತಿದ ಅಲ್ಯುಮಿನಿಯಂ ಫಲಕ ಮಾಡಿಸುವುದು ಒಳ್ಳೆಯದು.

ಎರಡನೆಯ ಹಂತ: ತಂತ್ರಾಂಶದ ಆಯ್ಕೆ

ಇಪ್ಪತ್ತಕ್ಕಿಂತ ಕಡಿಮೆ ಯಂತ್ರಗಳಿರುವ ವರ್ಕ್‌ಶಾಪಿಗೆ ಎಕ್ಸೆಲ್ ಹಾಳೆಯೇ ಸಾಕು ಎಂಬುದು ನನ್ನ ಅಭಿಪ್ರಾಯ. ಇದನ್ನು ಹೇಳಿದರೆ ಮಾರಾಟಗಾರರಿಗೆ ಬೇಸರವಾಗುತ್ತದೆ, ಇರಲಿ. ಅದಕ್ಕಿಂತ ದೊಡ್ಡ ಘಟಕಗಳಿಗೆ ಎರಡು ದಾರಿಗಳಿವೆ. ಫಿಕ್ಸ್, ಅಪ್‌ಕೀಪ್, ಮೇಂಟೇನ್‌ಎಕ್ಸ್ ಮೊದಲಾದವು ಬಳಕೆದಾರರ ಸಂಖ್ಯೆಯ ಮೇಲೆ ಶುಲ್ಕ ಪಡೆಯುವ ಕ್ಲೌಡ್ ಸೇವೆಗಳು. ಇಆರ್‌ಪಿ‌ನೆಕ್ಸ್ಟ್, ಓಡೂವಿನ ಕಮ್ಯುನಿಟಿ ಆವೃತ್ತಿ, ಅಟ್ಲಾಸ್ ಸಿಎಂಎಂಎಸ್, ಓಪನ್‌ಮೇಂಟ್ ಇವು ಮುಕ್ತ ತಂತ್ರಾಂಶಗಳು. ಇವನ್ನು ನಿಮ್ಮದೇ ಕಂಪ್ಯೂಟರಿನಲ್ಲಿ ಹಾಕಿಕೊಳ್ಳಬಹುದು, ಆದರೆ ಹಾಕಿಕೊಟ್ಟು ನೋಡಿಕೊಳ್ಳಲು ತಿಳಿದವರೊಬ್ಬರು ಬೇಕು. ಈಗಾಗಲೇ ಲೆಕ್ಕಪತ್ರಕ್ಕೆ ಇಆರ್‌ಪಿ‌ನೆಕ್ಸ್ಟ್ ಬಳಸುತ್ತಿದ್ದರೆ ಅದರೊಳಗಿನ ಆಸ್ತಿ ನಿರ್ವಹಣೆಯ ಭಾಗವನ್ನು ಮೊದಲು ಪ್ರಯತ್ನಿಸಿ ನೋಡಬೇಕು. ಒಂದೇ ಬಿಡಿಭಾಗಕ್ಕೆ ಎರಡು ಕಡೆ ದಾಸ್ತಾನು ಲೆಕ್ಕ ಇಡುವ ತೊಂದರೆ ಇದರಿಂದ ತಪ್ಪುತ್ತದೆ.

ಡೆಮೊ ನೋಡುವಾಗ ಬಣ್ಣಬಣ್ಣದ ಗ್ರಾಫುಗಳ ಕಡೆಗೆ ಗಮನ ಕೊಡದೆ ನಾಲ್ಕು ವಿಷಯ ಪರೀಕ್ಷಿಸಿರಿ. ಮೊಬೈಲಿನಲ್ಲಿ ನೆಟ್‌ವರ್ಕ್ ಇಲ್ಲದಾಗ ಬರೆದದ್ದು ಉಳಿದು, ಸಂಪರ್ಕ ಬಂದಾಗ ತಾನೇ ಸೇರಿಕೊಳ್ಳುತ್ತದೆಯೇ? ತಗಡಿನ ಶೆಡ್ಡಿನ ಒಳಗೆ ಸಿಗ್ನಲ್ ಸಿಗದಿರುವುದು ಸಾಮಾನ್ಯವಾದ್ದರಿಂದ ಈ ಪರೀಕ್ಷೆಯನ್ನು ಆಫೀಸಿನಲ್ಲಿ ಕುಳಿತು ಮಾಡದೆ ಬಾಯ್ಲರ್ ಕೋಣೆಯಲ್ಲಿ ನಿಂತು ಮಾಡಬೇಕು. ದತ್ತಾಂಶವೆಲ್ಲ ಸಿಎಸ್‌ವಿ ಕಡತವಾಗಿ, ಅಂದರೆ ಬೇರೆ ತಂತ್ರಾಂಶಗಳೂ ಓದಬಲ್ಲ ಸರಳ ಪಟ್ಟಿಯಾಗಿ, ಹೊರಗೆ ಬರುತ್ತದೆಯೇ? ಬಾರದಿದ್ದರೆ ಮುಂದೆ ಬೇರೆ ತಂತ್ರಾಂಶಕ್ಕೆ ಹೋಗುವ ದಾರಿ ಮುಚ್ಚಿದಂತೆ. ಹೊಸ ದೂರೊಂದನ್ನು ದಾಖಲಿಸಲು ಎಷ್ಟು ಬಾರಿ ಬೆರಳು ಒತ್ತಬೇಕಾಗುತ್ತದೆ? ಐದಾರಕ್ಕಿಂತ ಹೆಚ್ಚಾದರೆ ಆಪರೇಟರ್ ಫೋನ್ ಮಾಡಿಯೇ ಹೇಳುತ್ತಾನೆ, ತಂತ್ರಾಂಶಕ್ಕೆ ಏನೂ ತಿಳಿಯುವುದಿಲ್ಲ.

ನಾಲ್ಕನೆಯದು ಕನ್ನಡ. ಯೂನಿಕೋಡ್ ಕನ್ನಡದಲ್ಲಿ ಬರೆದು, ಅದೇ ಪದವನ್ನು ಹುಡುಕಿ, ಪಿಡಿಎಫ್ ಮಾಡಿ ನೋಡಬೇಕು. ಕೆಲವು ತಂತ್ರಾಂಶಗಳ ಪರದೆಯಲ್ಲಿ ಸರಿಯಿರುವ ಒತ್ತಕ್ಷರ ಮುದ್ರಣದಲ್ಲಿ ಮುರಿದು ಬೀಳುತ್ತದೆ. ಹಳೆಯ ರಜಿಸ್ಟರ್‌ಗಳನ್ನು ಹಿಂದೆ ನುಡಿ ಅಥವಾ ಬರಹದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಅವನ್ನು ನೇರವಾಗಿ ತುಂಬಿದಾಗ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಮೊದಲು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದುಕೊಳ್ಳಬೇಕು. ಇನ್ನೊಂದು ತೊಡಕು ನಮ್ಮ ಬರವಣಿಗೆಯದೇ. ಒಬ್ಬ 'ಬೇರಿಂಗ್' ಎಂದು, ಇನ್ನೊಬ್ಬ 'ಬೇರಿಂಗ' ಎಂದು, ಮತ್ತೊಬ್ಬ 'ಬೆರಿಂಗ್' ಎಂದು ಬರೆದರೆ ಹುಡುಕಾಟದಲ್ಲಿ ಮೂರೂ ಬೇರೆ ಬೇರೆ ವಸ್ತುಗಳಾಗುತ್ತವೆ. ಆದ್ದರಿಂದ ಬಿಡಿಭಾಗ, ದೋಷದ ಬಗೆ, ಕಾರಣ ಈ ಮೂರನ್ನು ಟೈಪ್ ಮಾಡಲು ಬಿಡದೆ, ಆಯ್ಕೆಪಟ್ಟಿಯಿಂದ ಆರಿಸುವಂತೆ ಮಾಡಿರಿ. ಉಳಿದ ವಿವರವನ್ನು ಮಾತ್ರ ಅವರವರ ಭಾಷೆಯಲ್ಲಿ ಬರೆಯಲಿ.

ಮೂರನೆಯ ಹಂತ: ಮುಂಜಾಗ್ರತಾ ವೇಳಾಪಟ್ಟಿ

ಕೆಟ್ಟ ಮೇಲೆ ದುರಸ್ತಿ ಮಾಡುವುದಕ್ಕಿಂತ ಕೆಡುವ ಮೊದಲು ನೋಡಿಕೊಳ್ಳುವ ಕೆಲಸಗಳನ್ನು ತಂತ್ರಾಂಶವೇ ನೆನಪಿಸಬೇಕು. ಅವಧಿಯನ್ನು ಎರಡು ರೀತಿ ಕೊಡಬಹುದು: ಕ್ಯಾಲೆಂಡರ್ ದಿನಗಳ ಮೇಲೆ, ಅಥವಾ ಯಂತ್ರ ಓಡಿದ ಗಂಟೆಗಳ ಮೇಲೆ. ಜನರೇಟರ್‌ನ ಎಂಜಿನ್ ಎಣ್ಣೆಯನ್ನು 500 ಗಂಟೆಗೊಮ್ಮೆ ಅಥವಾ 12 ತಿಂಗಳಿಗೊಮ್ಮೆ, ಯಾವುದು ಮೊದಲೋ ಆಗ ಬದಲಿಸಬೇಕೆಂದು ತಯಾರಕರ ಕೈಪಿಡಿ ಹೇಳಿದೆಯೆಂದುಕೊಳ್ಳೋಣ. ದಿನಕ್ಕೆ 2 ಗಂಟೆ ಓಡುವ ಜನರೇಟರ್ 250 ದಿನಗಳಲ್ಲಿ ಆ ಮಿತಿ ಮುಟ್ಟುತ್ತದೆ, ವಾರಕ್ಕೆ 2 ಗಂಟೆ ಓಡುವುದು ವರ್ಷಕ್ಕೆ 104 ಗಂಟೆಯಷ್ಟೇ ಓಡಿರುತ್ತದೆ; ಹಾಗೆಂದು ಎರಡನೆಯದರ ಎಣ್ಣೆಯನ್ನು ಐದು ವರ್ಷ ಬಿಡುವಂತಿಲ್ಲ. ಎರಡೂ ಷರತ್ತನ್ನು ಒಟ್ಟಿಗೆ ಹಾಕಲು ಬರುವ ತಂತ್ರಾಂಶವೇ ಬೇಕು, ಮತ್ತು ಗಂಟೆ ಮೀಟರ್ ಓದಿ ಪ್ರತಿ ವಾರ ನಮೂದಿಸುವ ಕೆಲಸವನ್ನು ಒಬ್ಬನ ಹೆಸರಿಗೆ ಬರೆದಿರಬೇಕು.

ಇಲ್ಲಿ ಬಹುತೇಕರು ಗಮನಿಸದ ಒಂದು ಸೆಟ್ಟಿಂಗ್ ಇದೆ. ಮುಂದಿನ ತಾರೀಖನ್ನು ತಂತ್ರಾಂಶ ಎಲ್ಲಿಂದ ಎಣಿಸಬೇಕು, ನಿಗದಿತ ದಿನದಿಂದಲೋ ಕೆಲಸ ನಿಜವಾಗಿ ಮುಗಿದ ದಿನದಿಂದಲೋ? ತಿಂಗಳ 1 ರಂದು ಆಗಬೇಕಿದ್ದ ಗ್ರೀಸಿಂಗ್ 20 ರಂದು ಆದರೆ, ಮೊದಲ ಲೆಕ್ಕದಲ್ಲಿ ಹತ್ತೇ ದಿನಕ್ಕೆ ಮತ್ತೆ ಗ್ರೀಸ್ ತುಂಬುತ್ತಾರೆ. ಮೋಟಾರ್ ಬೇರಿಂಗಿಗೆ ಗ್ರೀಸ್ ಹೆಚ್ಚಾದರೂ ಅದು ಬಿಸಿಯಾಗಿ ಹಾಳಾಗುತ್ತದೆ. ಗ್ರೀಸಿಂಗ್, ಫಿಲ್ಟರ್, ಎಣ್ಣೆ ಇಂಥವುಗಳಿಗೆ ಮುಗಿದ ದಿನದಿಂದ ಎಣಿಸಬೇಕು. ಕಾನೂನಿನ ತಪಾಸಣೆಗಳಿಗೆ ನಿಗದಿತ ದಿನದಿಂದ ಎಣಿಸಬೇಕು.

ಕೈಪಿಡಿಯ ಅವಧಿಗಳನ್ನು ನಮ್ಮ ನೆಲಕ್ಕೂ ಹೊಂದಿಸಿಕೊಳ್ಳಬೇಕಾಗುತ್ತದೆ. ಹುಬ್ಬಳ್ಳಿ, ಗದಗ ಭಾಗದ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುತ್ತದೆ. ಒಣಗಿದ ಮಣ್ಣಿನಲ್ಲಿ ಅರ್ಥಿಂಗ್ ಗುಂಡಿಯ ರೋಧ ಏರುವುದರಿಂದ ಅದರ ವಾರ್ಷಿಕ ಅಳತೆಯನ್ನು ಏಪ್ರಿಲ್ ಅಥವಾ ಮೇ ತಿಂಗಳಿಗೆ ಹಾಕಬೇಕು. ಆಗಸ್ಟಿನಲ್ಲಿ ಅಳೆದರೆ ಎಲ್ಲ ಗುಂಡಿಗಳೂ ಚೆನ್ನಾಗಿಯೇ ಕಾಣುತ್ತವೆ. ಭಾರಿ ಯಂತ್ರಗಳ ಬುನಾದಿ ಬೋಲ್ಟ್ ಮತ್ತು ಲೆವೆಲ್ ಪರೀಕ್ಷೆಯನ್ನು ಮಳೆಗಾಲಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಇಟ್ಟುಕೊಳ್ಳುವುದು ಸೂಕ್ತ. ಬೋರ್‌ವೆಲ್ಲಿನ ಗಡಸು ನೀರು ಬಳಸುವವರು ಕೂಲಿಂಗ್ ಟವರ್ ಮತ್ತು ಬಾಯ್ಲರಿನ ಸುಣ್ಣಗಟ್ಟುವಿಕೆಯನ್ನು ಕೈಪಿಡಿಗಿಂತ ಬೇಗ ನೋಡಬೇಕು. ಗದಗ ಕಡೆಯ ಜಿನ್ನಿಂಗ್ ಫ್ಯಾಕ್ಟರಿಗಳಲ್ಲಿ ಹತ್ತಿಯ ಹಂಗಾಮು ನಡೆದಿರುವಾಗ ಯಂತ್ರ ನಿಲ್ಲಿಸಲು ಯಾರೂ ಒಪ್ಪುವುದಿಲ್ಲ. ರೋಲರ್, ಚಾಕುಗಳ ದೊಡ್ಡ ಕೆಲಸವನ್ನು ಹಂಗಾಮು ಮುಗಿದ ಮೇಲಿನ ತಿಂಗಳುಗಳಿಗೆ ಕಟ್ಟಿ, ಹಂಗಾಮಿನಲ್ಲಿ ಬರೀ ಕಣ್ಣೋಟದ ತಪಾಸಣೆಗಳನ್ನು ಇಡಬೇಕು.

ದೂಳಿನ ವಿಷಯದಲ್ಲಿ ನನ್ನ ಅನುಭವವೊಂದನ್ನು ಹೇಳಬೇಕು. ಒಂದು ಘಟಕದಲ್ಲಿ ಸ್ಕ್ರೂ ಕಂಪ್ರೆಸ್ಸರ್ ಪ್ರತಿ ಬೇಸಿಗೆ ಬಿಸಿಯಾಗಿ ಟ್ರಿಪ್ ಆಗುತ್ತಿತ್ತು. ಅಲ್ಲಿನ ಫಿಟ್ಟರ್ ಬಂದು, "ಸರ, ಆ ಕಂಪ್ರೆಸ್ಸರ್ ಮತ್ತ ಬಿಸಿ ಆಗಾಕತ್ತೈತ್ರಿ, ಎಣ್ಣಿ ಬದಲಿ ಮಾಡೂಣೇನ್ರಿ?" ಎಂದು ಕೇಳುವುದು, ಎಣ್ಣೆ ಬದಲಿಸುವುದು, ಎರಡು ವಾರದ ಮೇಲೆ ಅದೇ ಮಾತು ಮರುಕಳಿಸುವುದು ರೂಢಿಯಾಗಿತ್ತು. ತಂತ್ರಾಂಶ ಬಂದ ಮೊದಲ ಬೇಸಿಗೆಯಲ್ಲಿ ಕೆಲಸ ಮುಗಿಸಿದ ಟಿಪ್ಪಣಿಗಳನ್ನು ಸಾಲಾಗಿ ಓದಿದಾಗ ನಾಲ್ಕರಲ್ಲಿಯೂ 'ಏರ್ ಫಿಲ್ಟರ್ ಕಟ್ಟಿತ್ತು, ಕೂಲರ್ ಮೇಲೆ ಮಣ್ಣು' ಎಂಬ ಒಂದೇ ಮಾತಿತ್ತು. ಗಾಳಿ ಎಳೆಯುವ ಬಾಯಿ ಲಾರಿ ತಿರುಗುವ ಅಂಗಳದ ಕಡೆಗಿತ್ತು. ಅದನ್ನು ಹಿಂಬದಿಯ ಗೋಡೆಗೆ ತಿರುಗಿಸಿದ ಮೇಲೆ ಆ ದೂರು ನಿಂತಿತು. ಅಷ್ಟು ವರ್ಷ ಲಾಗ್‌ಬುಕ್ಕಿನಲ್ಲಿದ್ದದ್ದು 'ಎಣ್ಣೆ ಬದಲಿಸಲಾಯಿತು' ಎಂಬ ಸಾಲು ಮಾತ್ರ.

ನಾಲ್ಕನೆಯ ಹಂತ: ದೂರಿನಿಂದ ಮುಕ್ತಾಯದವರೆಗೆ

ಆಪರೇಟರ್ ಯಂತ್ರದ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ದೂರು ದಾಖಲಿಸುತ್ತಾನೆ. ಸೂಪರ್‌ವೈಸರ್ ಅದರ ತುರ್ತನ್ನು ನಿರ್ಧರಿಸಿ ಫಿಟ್ಟರ್‌ಗೆ ಒಪ್ಪಿಸುತ್ತಾನೆ. ಫಿಟ್ಟರ್ ಕೆಲಸ ಶುರು ಮಾಡಿದ ಮತ್ತು ಮುಗಿಸಿದ ಸಮಯ ಒತ್ತುತ್ತಾನೆ. ಆಪರೇಟರ್ ಯಂತ್ರ ಓಡಿಸಿ ನೋಡಿದ ಮೇಲೆ ದೂರು ಮುಚ್ಚುತ್ತದೆ. ವಿದ್ಯುತ್ ಅಥವಾ ಒತ್ತಡವಿರುವ ಯಂತ್ರಗಳ ಕೆಲಸಕ್ಕೆ ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿದ ಫೋಟೊ ಸೇರಿಸದೆ 'ಶುರು' ಗುಂಡಿ ಒತ್ತಲು ಬಾರದಂತೆ ಮಾಡುವ ಸೌಲಭ್ಯವಿದ್ದರೆ ಅದನ್ನು ಖಂಡಿತ ಬಳಸಿರಿ.

ಮುಕ್ತಾಯದ ಟಿಪ್ಪಣಿಯಲ್ಲಿ ಮೂರು ವಿಷಯ ಬರಬೇಕು: ಏನು ಕಂಡಿತು, ಯಾಕೆ ಆಯಿತು, ಏನು ಮಾಡಿದೆ. 'ಪಂಪ್ ರಿಪೇರಿ ಮಾಡಲಾಯಿತು' ಎಂಬುದು ಟಿಪ್ಪಣಿಯಲ್ಲ. 'ಸೀಲಿನಿಂದ ನೀರು ಸೋರುತ್ತಿತ್ತು. ಕಪ್ಲಿಂಗ್ ಅಲೈನ್‌ಮೆಂಟ್ ತಪ್ಪಿ ಸೀಲ್ ಸವೆದಿತ್ತು. ಸೀಲ್ ಬದಲಿಸಿ ಅಲೈನ್‌ಮೆಂಟ್ ಸರಿಪಡಿಸಿದೆ' ಎಂಬುದು ಟಿಪ್ಪಣಿ. ಮೊದಲನೆಯದನ್ನು ಓದಿದವನು ಮುಂದಿನ ಬಾರಿಯೂ ಸೀಲ್ ಮಾತ್ರ ಬದಲಿಸುತ್ತಾನೆ. ಎಣ್ಣೆಗೈಯಲ್ಲಿ ಟೈಪ್ ಮಾಡುವುದು ಕಷ್ಟವಾದ್ದರಿಂದ ಕನ್ನಡದಲ್ಲಿ ಮಾತನಾಡಿದರೆ ಅಕ್ಷರವಾಗುವ ಜಿಬೋರ್ಡ್ (ಗೂಗಲ್ ಕೀಲಿಮಣೆ) ಸೌಲಭ್ಯವನ್ನು ತೋರಿಸಿಕೊಡಿರಿ. ಯಂತ್ರಗಳ ಸದ್ದಿನಿಂದ ಸ್ವಲ್ಪ ದೂರ ನಿಂತು ಹೇಳಬೇಕು, ಮತ್ತು ನಮ್ಮ ಕಡೆಯ ಆಡುಮಾತನ್ನು ಅದು ಕೆಲವೊಮ್ಮೆ ವಿಚಿತ್ರವಾಗಿ ಬರೆಯುತ್ತದೆ. ಅರ್ಥವಾದರೆ ಸಾಕು, ತಿದ್ದಲು ಹೋಗಬೇಡಿರಿ. ಕಾರಣಗಳ ಆಯ್ಕೆಪಟ್ಟಿಯನ್ನು ಎಂಟು ಹತ್ತಕ್ಕೆ ನಿಲ್ಲಿಸಬೇಕು. ನಲವತ್ತು ಕಾರಣ ಕೊಟ್ಟರೆ ಎಲ್ಲರೂ 'ಇತರೆ' ಒತ್ತುತ್ತಾರೆ.

ಈ ವ್ಯವಸ್ಥೆ ತನ್ನ ಮೇಲೆ ಕಣ್ಣಿಡಲಿಕ್ಕೇ ಬಂದಿದೆ ಎಂಬ ಅನುಮಾನ ಫಿಟ್ಟರ್‌ನಿಗೆ ಹುಟ್ಟಿದ ದಿನದಿಂದ ಟಿಪ್ಪಣಿಗಳು ಸುಳ್ಳಾಗತೊಡಗುತ್ತವೆ. ಮಾಲಕರು ಮೊದಲ ಸಭೆಯಲ್ಲಿಯೇ, ಈ ಸಮಯದ ಲೆಕ್ಕದಿಂದ ಯಾರ ಪಗಾರವನ್ನೂ ಕಡಿಯುವುದಿಲ್ಲವೆಂದು ಹೇಳಬೇಕು, ಮತ್ತು ಆ ಮಾತಿನಂತೆ ನಡೆಯಬೇಕು.

ಐದನೆಯ ಹಂತ: ಬಿಡಿಭಾಗಗಳು

ಪ್ರತಿ ಬಿಡಿಭಾಗವನ್ನು ಅದು ಬೇಕಾಗುವ ಯಂತ್ರಗಳಿಗೆ ಜೋಡಿಸಿ, ದಾಸ್ತಾನು ಎಷ್ಟಕ್ಕೆ ಇಳಿದಾಗ ತರಿಸಬೇಕೆಂಬ ಮಟ್ಟ ಕೊಡಬೇಕು. ತಿಂಗಳ ಬಳಕೆಯನ್ನು ಮಾಲು ಬರಲು ಹಿಡಿಯುವ ತಿಂಗಳುಗಳಿಂದ ಗುಣಿಸಿ, ಮೇಲೆ ಒಂದಿಷ್ಟು ಮೀಸಲು ಸೇರಿಸಿದರೆ ಆ ಮಟ್ಟ ಸಿಗುತ್ತದೆ: ತಿಂಗಳಿಗೆ 2 ಬೇರಿಂಗ್ ಬೇಕು, ಬರಲು 15 ದಿನ ಹಿಡಿಯುತ್ತದೆ, ಒಂದು ಮೀಸಲು ಎಂದರೆ 2 ಉಳಿದಾಗ ಆರ್ಡರ್ ಹಾಕಬೇಕು. ಹುಬ್ಬಳ್ಳಿಯ ಅಂಗಡಿಯಲ್ಲಿ ಅರ್ಧ ಗಂಟೆಯಲ್ಲಿ ಸಿಗುವ ಬೆಲ್ಟನ್ನು ದಾಸ್ತಾನು ಮಾಡಿ ದುಡ್ಡು ಕಟ್ಟಿಹಾಕಬೇಡಿರಿ. ಹೊರಗಿನಿಂದ ವಾರಗಟ್ಟಲೆ ಕಾದು ತರಿಸಬೇಕಾದ ಡ್ರೈವ್ ಕಾರ್ಡು ವರ್ಷಕ್ಕೊಮ್ಮೆಯೂ ಬೇಕಾಗದಿರಬಹುದು, ಆದರೂ ಒಂದು ಕಪಾಟಿನಲ್ಲಿರಲಿ.

ಆರನೆಯ ಹಂತ: ಕಟ್ಟಡ ಮತ್ತು ಕಾನೂನಿನ ತಾರೀಖುಗಳು

ಲಿಫ್ಟ್, ಕ್ರೇನ್, ಸಂಪು, ಮೇಲ್ಛಾವಣಿ, ಬೆಂಕಿ ನಂದಕಗಳೂ ಇದೇ ಪಟ್ಟಿಯಲ್ಲಿರಬೇಕು. 1948 ರ ಕಾರ್ಖಾನೆ ಕಾಯ್ದೆಯ 28ನೇ ಕಲಮು ಲಿಫ್ಟ್ ಮತ್ತು ಹೊಯಿಸ್ಟ್‌ಗಳಿಗೆ 6 ತಿಂಗಳಿಗೊಮ್ಮೆ, 29ನೇ ಕಲಮು ಎತ್ತುವ ಯಂತ್ರ, ಸರಪಳಿ, ಹಗ್ಗಗಳಿಗೆ 12 ತಿಂಗಳಿಗೊಮ್ಮೆ ಸಕ್ಷಮ ವ್ಯಕ್ತಿಯಿಂದ (ಸರ್ಕಾರದ ಮಾನ್ಯತೆ ಪಡೆದ ಪರೀಕ್ಷಕರಿಂದ) ಪರೀಕ್ಷೆ ಬೇಕೆಂದು ವಿಧಿಸಿದ್ದವು. ಅದರ ಜಾಗಕ್ಕೆ 2020 ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಬಂದಿರುವುದರಿಂದ, ನಿಮ್ಮ ಪರೀಕ್ಷಕರಿಂದ ಅವಧಿಯನ್ನು ಲಿಖಿತವಾಗಿ ಪಡೆದು ನಮೂದಿಸಬೇಕು. ಬೆಂಕಿ ನಂದಕಗಳ ಪಾಲನೆಗೆ ಐಎಸ್ 2190 ಮಾನಕವಿದೆ. ಪ್ರಮಾಣಪತ್ರದ ಪಿಡಿಎಫ್ ಅನ್ನು ಆ ಯಂತ್ರದ ಪುಟಕ್ಕೇ ಲಗತ್ತಿಸಿ, ಅವಧಿ ಮುಗಿಯುವ 45 ದಿನ ಮೊದಲು ಸೂಚನೆ ಬರುವಂತೆ ಇಡಬೇಕು. ಒಂದು ವಾರ ಮೊದಲು ಬಂದರೆ ಪರೀಕ್ಷಕರ ಬಿಡುವು ಸಿಗುವುದಿಲ್ಲ.

ವರ್ಷಕ್ಕೊಮ್ಮೆ ಪಟ್ಟಿಗೂ ನೆಲದ ಮೇಲಿರುವ ಯಂತ್ರಗಳಿಗೂ ತಾಳೆ ನೋಡಬೇಕು. ಇದಕ್ಕೆ ಖಂಡೇ ಪೂಜೆಯ (ಆಯುಧ ಪೂಜೆಯ) ಹಿಂದಿನ ದಿನಕ್ಕಿಂತ ಒಳ್ಳೆಯ ದಿನ ನನಗೆ ಕಂಡಿಲ್ಲ. ಯಂತ್ರಗಳೆಲ್ಲ ನಿಂತಿರುತ್ತವೆ, ಎಲ್ಲರೂ ಕೈಯಲ್ಲಿ ಬಟ್ಟೆ ಹಿಡಿದು ಒರೆಸುತ್ತಿರುತ್ತಾರೆ, ವರ್ಷವಿಡೀ ಕಾಣದಿದ್ದ ನಾಮಫಲಕಗಳು ಕಾಣುತ್ತವೆ. ಮರುದಿನ ಕಾಯಿ ಒಡೆಯುವಾಗ ಅದರ ನೀರು ಪ್ಯಾನಲ್ ಒಳಗೆ ಹೋಗದಂತೆ ನೋಡಿಕೊಳ್ಳುವ ಜವಾಬ್ದಾರಿಯನ್ನೂ ಒಬ್ಬನಿಗೆ ಕೊಡಿರಿ. ಇದು ನಗೆಯ ಮಾತಲ್ಲ.

ಏಳನೆಯ ಹಂತ: ಅಂಕಿಗಳನ್ನು ಓದುವುದು

ಆರು ತಿಂಗಳ ದಾಖಲೆ ಕೂಡುವ ತನಕ ವರದಿಗಳನ್ನು ನಂಬಬೇಡಿರಿ. ಆಮೇಲೆ ಎರಡು ಅಂಕಿ ಸಾಕು. ಒಂದು ಯಂತ್ರ ತಿಂಗಳಿಗೆ 26 ದಿನ, ದಿನಕ್ಕೆ 16 ಗಂಟೆಯಂತೆ 416 ಗಂಟೆ ಓಡಬೇಕಿತ್ತು. 4 ಬಾರಿ ಕೆಟ್ಟು ಒಟ್ಟು 20 ಗಂಟೆ ನಿಂತಿತು. ಓಡಿದ 396 ಗಂಟೆಯನ್ನು 4 ರಿಂದ ಭಾಗಿಸಿದರೆ 99: ಅಂದರೆ ಸರಾಸರಿ 99 ಗಂಟೆಗೊಮ್ಮೆ ಅದು ಕೆಡುತ್ತಿದೆ. ನಿಂತ 20 ಗಂಟೆಯನ್ನು 4 ರಿಂದ ಭಾಗಿಸಿದರೆ ಒಂದೊಂದು ದುರಸ್ತಿಗೆ 5 ಗಂಟೆ. ಈ ಎರಡರಿಂದ ಲಭ್ಯತೆ, ಅಂದರೆ ಓಡಬೇಕಿದ್ದ ಸಮಯದಲ್ಲಿ ನಿಜವಾಗಿ ಓಡಿದ ಪಾಲು, ಸುಮಾರು ಶೇ. 95 ಎಂದು ಸಿಗುತ್ತದೆ. ಈ 5 ಗಂಟೆಯನ್ನು ಒಡೆದು ನೋಡುವುದೇ ಮುಖ್ಯ. ಅದರಲ್ಲಿ 3 ಗಂಟೆ ಬಿಡಿಭಾಗಕ್ಕೆ ಕಾದದ್ದಾದರೆ ಫಿಟ್ಟರ್‌ನನ್ನು ಬೈದು ಪ್ರಯೋಜನವಿಲ್ಲ, ಐದನೆಯ ಹಂತಕ್ಕೆ ಹಿಂತಿರುಗಬೇಕು. ಮುಂಜಾಗ್ರತಾ ಕೆಲಸಗಳು ತಿಂಗಳ ಮೇಲೆ ತಿಂಗಳು ಶೇ. 100 ಮುಗಿದಿವೆ ಎಂದು ವರದಿ ಬಂದರೆ ಸಂತೋಷಪಡುವ ಮೊದಲು ಸಮಯಗಳನ್ನು ನೋಡಿರಿ. ಹತ್ತು ತಪಾಸಣೆಗಳು ಪಾಳಿ ಮುಗಿಯುವ ಐದು ನಿಮಿಷದಲ್ಲಿ ಮುಗಿದಿದ್ದರೆ ಅವು ಕುಳಿತಲ್ಲಿಯೇ ಒತ್ತಿದ ಗುಂಡಿಗಳು.

ಸ್ವಂತ ಕಂಪ್ಯೂಟರಿನಲ್ಲಿ ತಂತ್ರಾಂಶ ಇಟ್ಟವರು ಅದಕ್ಕೂ ವೈಫೈ ರೌಟರ್‌ಗೂ ಯುಪಿಎಸ್ ಹಾಕಿ, ವಾರಕ್ಕೊಮ್ಮೆ ನಕಲನ್ನು ಕಾರ್ಖಾನೆಯ ಹೊರಗೆ ಇಡಬೇಕು. ವಾರ್ಷಿಕ ಒಪ್ಪಂದದ ಮೇಲೆ ಹೊರಗಿನಿಂದ ಬರುವ ತಂತ್ರಜ್ಞರ ಕೆಲಸವೂ ಇದೇ ದಾಖಲೆಗೆ ಸೇರಬೇಕು. ಅವರ ಸರ್ವಿಸ್ ರಿಪೋರ್ಟಿನ ಫೋಟೊ ಇಲ್ಲದೆ ಬಿಲ್ಲಿಗೆ ಸಹಿ ಹಾಕದಿದ್ದರೆ ಇದು ತಾನಾಗಿ ರೂಢಿಯಾಗುತ್ತದೆ. ಗುಜರಿಗೆ ಹೋದ ಯಂತ್ರದ ಪುಟವನ್ನು ಅಳಿಸದೆ 'ಸೇವೆಯಿಂದ ಹೊರಗೆ' ಎಂದು ಗುರುತಿಸಿ ಉಳಿಸಿರಿ. ಅದರ ಜಾಗಕ್ಕೆ ಹೊಸದನ್ನು ಕೊಳ್ಳಲು ಮಾರಾಟಗಾರನ ಎದುರು ಕುಳಿತಾಗ, ಹಳೆಯದು ಯಾವ ಭಾಗದಲ್ಲಿ ಎಷ್ಟು ಸಲ ಕೆಟ್ಟಿತ್ತು, ಅದಕ್ಕೆ ಎಷ್ಟು ಖರ್ಚಾಯಿತು ಎಂಬ ಆ ಪುಟವನ್ನೇ ಮೇಜಿನ ಮೇಲೆ ಇಟ್ಟು ಮಾತು ಶುರು ಮಾಡಬಹುದು.